ಬದಲಿ ಪುಡಿ

ತಪ್ಪು ನನ್ನದಲ್ಲ, ಪುಡಿಯದು ಎಂದು ನಾನು ಈಗಲೂ ವಾದಿಸುತ್ತೇನೆ. ನನ್ನವಳು ಒಪ್ಪುವುದಿಲ್ಲ, ಅದು ಬೇರೆ ಮಾತು. ನಡೆದದ್ದಿಷ್ಟು. ಮಗನ ಮನೆಗೆಂದು ಅಮೆರಿಕದ ಕ್ಯಾನ್ಸಸ್‌ಗೆ ಹೋಗಿದ್ದೆವು. ತೀರ್ಥಹಳ್ಳಿಯಿಂದ ಹೊರಡುವಾಗ ಅವಳು ನನ್ನ ಎರಡು ಪಂಚೆಗಳನ್ನು ಸೂಟ್‌ಕೇಸಿನಿಂದ ಹೊರಹಾಕಿ ಆ ಜಾಗಕ್ಕೆ ಸಾರಿನ ಪುಡಿ ತುಂಬಿದ್ದಳು. ಆದರೂ ನಾಲ್ಕನೇ ತಿಂಗಳಿಗೆ ಡಬ್ಬದ ತಳ ಕಂಡಿತು. ಅದೇ ವಾರ ಅವಳಿಗೆ ಜ್ವರ, ಸೊಸೆಗೆ ಆಫೀಸು. ಸಾರು ಮಾಡುವುದೇನು ಬ್ರಹ್ಮವಿದ್ಯೆಯೇ ಎಂದುಕೊಂಡು ನಾನೇ ಅಡುಗೆಮನೆ ಹೊಕ್ಕೆ. ಸಾರಿನ ಪುಡಿ ಇಲ್ಲದಿದ್ದರೇನು, ಹುಳಿಪುಡಿಯ ಪೊಟ್ಟಣವಿತ್ತು. ಎರಡೂ ಪುಡಿ, ಎರಡೂ ಕೆಂಪು, ಎರಡಕ್ಕೂ ಬೀಳುವುದು ಅದೇ ಕೊತ್ತಂಬರಿ, ಅದೇ ಮೆಣಸಿನಕಾಯಿ. ಅವಳು ಸಾರಿಗೆ ಹಾಕುವಂತೆ ಲೆಕ್ಕ ತಪ್ಪದೆ ಮೂರು ಚಮಚ ಹಾಕಿದೆ.

ರಾತ್ರಿ ಊಟಕ್ಕೆ ಕೂತಾಗ ಮಗ ಮೊದಲ ತುತ್ತಿಗೇ ನೀರಿನ ಲೋಟಕ್ಕೆ ಕೈಹಾಕಿದ. ಮೊಮ್ಮಗಳು ಕಣ್ಣೊರೆಸಿಕೊಂಡು "ಅಜ್ಜಾ, ಇದು ಲಾವಾನಾ?" ಎಂದಳು. ಸಾರು ಎನ್ನೋಣವೆಂದರೆ ಗಟ್ಟಿ, ಹುಳಿ ಎನ್ನೋಣವೆಂದರೆ ತರಕಾರಿಯಿಲ್ಲ. ಕೈ ತೊಳೆದವನೇ ಗಾಳಿಗೆಂಬ ನೆಪದಲ್ಲಿ ಅಂಗಳಕ್ಕೆ ಇಳಿದೆ.

ಪಕ್ಕದ ಮನೆಯ ಗಡ್ಡದ ಅಜ್ಜ ಗ್ಯಾರೇಜಿನ ಬಾಗಿಲು ತೆರೆದಿಟ್ಟು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಏನಾಯಿತೆಂದು ಕೇಳಿದೆ. "ಪುಡಿ ಮುಗಿದಿದೆ, ಯಾವ ಅಂಗಡಿಯಲ್ಲೂ ಇಲ್ಲ" ಎಂದ. ನನಗೆ ಕರುಳು ಚುರುಕ್ಕೆಂದಿತು. "ನಮ್ಮಲ್ಲೂ ಅದೇ ಗೋಳು ಮಾರಾಯ" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. "ಬದಲಿಗೆ ಬೇರೆ ಪುಡಿ ಹಾಕಿದರೆ ಹೇಗೋ ಅಂತ ಯೋಚನೆ" ಎಂದ. "ಬೇಡ, ಬಾಯಿ ಸುಟ್ಟುಹೋಗುತ್ತದೆ" ಎಂದೆ. ಅವನು ಗಾಬರಿಯಿಂದ ನನ್ನ ಬಾಯಿಯನ್ನೇ ನೋಡಿದ. ಅವನ ಮಾತು ಕೋವಿಯ ಪುಡಿಯದು, ನನ್ನದು ಸಾರಿನದು ಎಂದು ಗೊತ್ತಾಗುವ ಹೊತ್ತಿಗೆ ಐದು ನಿಮಿಷ ಕಳೆದಿತ್ತು.

ಅಲ್ಲಿಂದ ಸ್ನೇಹ ಬೆಳೆಯಿತು. ನಾವು ತೋಟದವರು, ಅವನು ತೋಟಾದವನು. ಒಂದು ದೀರ್ಘದ ಅಂತರ ಅಷ್ಟೆ. ಅವನದು 30-06 ಎಂಬ ರೈಫಲ್ಲು. ಆ 06 ಎಂದರೆ ತೋಟಾ ಸೈನ್ಯಕ್ಕೆ ಸೇರಿದ 1906ನೇ ಇಸವಿ. ಅಂಗಡಿಯ ತೋಟಾ ಕೊಳ್ಳದೆ ತಾನೇ ತುಂಬಿಕೊಳ್ಳುವುದು ಅವನ ವ್ರತ. ಹೊಡೆದು ಖಾಲಿಯಾದ ಹಿತ್ತಾಳೆಯ ಚಿಪ್ಪನ್ನು, ನಮ್ಮವಳು ಹುಣಸೆಹಣ್ಣು ಹಚ್ಚಿ ದೀಪದ ಕಂಬ ತಿಕ್ಕಿದಂತೆ ಬೆಳಗುತ್ತಾನೆ. ಚಕ್ಕುಲಿ ಒರಳಿನ ದೊಡ್ಡಪ್ಪನಂತಿರುವ ಯಂತ್ರದಲ್ಲಿ ಒತ್ತಿ ಅದನ್ನು ಮೊದಲಿನ ಆಕಾರಕ್ಕೆ ತರುತ್ತಾನೆ. ತಳಕ್ಕೆ ಹೊಸ ಕೇಪು, ಒಳಗೆ ಪುಡಿ, ಮೇಲೆ ಗುಂಡು.

ಪುಡಿ ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿಯಲ್ಲಿ ಹೇಳುವುದಾದರೆ ಒಂದು ಗ್ರೇನ್ ಎಂದರೆ ಹೆಚ್ಚುಕಡಿಮೆ ಅರ್ಧ ಗುಲಗಂಜಿ. ಅದರಲ್ಲೂ ಹತ್ತನೇ ಒಂದು ಪಾಲಿಗೆ ಅವನು ಕಣ್ಣು ಕಿರಿದುಮಾಡುತ್ತಾನೆ. ನಮ್ಮೂರಿನಲ್ಲಿ ಇಷ್ಟು ನಾಜೂಕಾಗಿ ತೂಗುವುದು ಬೀಗರ ಮನೆಯ ಬಂಗಾರವನ್ನು ಮಾತ್ರ.

ನನ್ನ ಅಜ್ಜನ ಕೇಪಿನ ಕೋವಿಗೆ ಈ ನಾಜೂಕು ಇರಲಿಲ್ಲ. ಅಡಿಕೆ ತೋಟಕ್ಕೆ ಬರುವ ಹಂದಿ, ಮಂಗಗಳನ್ನು ಬೆದರಿಸಲು ಇದ್ದ ಕೋವಿ ಅದು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಕರಿ ಮದ್ದನ್ನು ಒಂದು ಪುಟ್ಟ ಅಳತೆಯಲ್ಲಿ ಅಳೆದು ನಳಿಗೆಯ ಬಾಯಿಯಿಂದ ಸುರಿಯುತ್ತಿದ್ದರು. ಈಡು ಹಾರಿದರೆ ಹಂದಿಗಿಂತ ಮೊದಲು ಅಜ್ಜನೇ ಹೊಗೆಯಲ್ಲಿ ಮಾಯ. ಕನ್ನಡದಲ್ಲಿ ಔಷಧಿಗೂ ಮದ್ದು, ಕೋವಿಗೂ ಮದ್ದು. ಈ ಮಾತನ್ನು ಮಾಡಿದವರು ಜಾಣರೇ ಇರಬೇಕು: ಎರಡರಲ್ಲೂ ಪ್ರಮಾಣ ತಪ್ಪಿದರೆ ಸೇರುವ ಜಾಗ ಒಂದೇ.

ಈಗಿನ ಹೊಗೆಯಿಲ್ಲದ ಪುಡಿಯ ಮೂಲವಂತೂ ಅಡುಗೆಮನೆಯೇ ಅಂತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಶೋನ್‌ಬೈನ್ ಎಂಬ ರಸಾಯನ ಪಂಡಿತ ಹೆಂಡತಿ ಇಲ್ಲದ ಹೊತ್ತು ನೋಡಿ ಅಡುಗೆಮನೆಯಲ್ಲಿ ಆಮ್ಲಗಳ ಆಟಕ್ಕಿಳಿದನಂತೆ. ಆಮ್ಲ ಚೆಲ್ಲಿತು, ಕೈಗೆ ಸಿಕ್ಕ ಹೆಂಡತಿಯ ಹತ್ತಿಬಟ್ಟೆಯಿಂದ ಒರೆಸಿ, ಒಣಗಲೆಂದು ಒಲೆಯ ಮೇಲೆ ನೇತುಹಾಕಿದ. ಬಟ್ಟೆ ಭಗ್ಗೆಂದು ಮಾಯವಾಯಿತು ಎಂದು ಕತೆ. ಕತೆ ಎಷ್ಟು ನಿಜವೋ, 1846ರಲ್ಲಿ ಅವನು ಸಿಡಿಹತ್ತಿಯನ್ನು ಲೋಕಕ್ಕೆ ತೋರಿಸಿದ್ದು ಮಾತ್ರ ನಿಜ. ಅದನ್ನು ಪಳಗಿಸಿ, 1884ರಲ್ಲಿ ಫ್ರಾನ್ಸಿನ ವಿಯೆಯ್ ಹೊಗೆಯಿಲ್ಲದ ಪುಡಿ ಮಾಡಿದ. ಅದೇ ಬಾಸೆಲ್ಲಿನ ಮಿಷನ್ ನಮಗೆ ಮಂಗಳೂರು ಹಂಚು ಕೊಟ್ಟಿತು, ಕಿಟ್ಟೆಲರನ್ನೂ ಅವರ 1894ರ ನಿಘಂಟನ್ನೂ ಕೊಟ್ಟಿತು. ಒಂದೇ ಊರಿನಿಂದ ಸಿಡಿಯುವ ಹತ್ತಿ ಮತ್ತು ಸಿಡಿಯದ ನಿಘಂಟು! ಮೊದಲನೆಯದು ನಮ್ಮ ಪಾಲಿಗೆ ಬರಲಿಲ್ಲವಲ್ಲ ಎಂದು ಸಮಾಧಾನಪಟ್ಟೆ. ಅಡುಗೆಮನೆ ಹೊಕ್ಕು ಕೆಟ್ಟ ಮೊದಲ ಗಂಡಸು ನಾನಲ್ಲ ಎಂಬುದು ಇನ್ನೊಂದು ಸಮಾಧಾನ.

ಎಲ್ಲಿಂದ ಎಲ್ಲಿಗೋ ಬಂದೆ. ಗಡ್ಡದ ಅಜ್ಜನ ಸಂಕಟ ಇದು: ಅವನ ಪುಡಿಯ ಹೆಸರು ಎಚ್ 4350. ಸಿಕ್ಕಿದ್ದು ಐಎಂಆರ್ 4350. ಅಂಗಡಿಯ ಹುಡುಗ "ನಂಬರು ಒಂದೇ ಅಲ್ವಾ, ತಗೊಳ್ಳಿ" ಎಂದನಂತೆ. ನಂಬರು ಒಂದೇ, ಬಣ್ಣ ಒಂದೇ, ಕತ್ತರಿಸಿದ ಕರಿ ಶಾವಿಗೆಯ ಚೂರಿನಂಥ ರೂಪವೂ ಹೆಚ್ಚುಕಡಿಮೆ ಒಂದೇ. ಸ್ವಭಾವ ಮಾತ್ರ ಬೇರೆ. ಒಂದರ ತೂಕ ಇನ್ನೊಂದಕ್ಕೆ ಸಲ್ಲದು. ನನ್ನ ಬ್ಯಾಂಕಿನಲ್ಲಿ ಇಬ್ಬರು ನಾಗರಾಜರಿದ್ದರು. ಇನಿಷಿಯಲ್ ಮಾತ್ರ ಬೇರೆ. ಒಬ್ಬರಿಗೆ ರಜೆ ಚೀಟಿ ಕೊಟ್ಟರೆ ನಗುತ್ತಾ ಸಹಿ ಹಾಕುತ್ತಿದ್ದರು. ಇನ್ನೊಬ್ಬರಿಗೆ ಕೊಟ್ಟರೆ ಪೆನ್ನು ಹಾರುತ್ತಿತ್ತು.

ಪುಡಿಗಳು ಉರಿಯುವ ವೇಗದ ಪಟ್ಟಿಯೊಂದು ಗ್ಯಾರೇಜಿನ ಗೋಡೆಯ ಮೇಲಿತ್ತು. ಬಚ್ಚಲ ಒಲೆಗೆ ಬೆಂಕಿ ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ತೆಂಗಿನಗರಿ ಭುಗ್ಗೆಂದು ಎದ್ದು ಆರುತ್ತದೆ, ಹುಣಸೆ ಕೊರಡು ನಿಧಾನವಾಗಿ ಉರಿದು ಹಂಡೆಯನ್ನು ಕಾಯಿಸುತ್ತದೆ. ಪಿಸ್ತೂಲಿಗೆ ಗರಿಯ ಜಾತಿಯ ಪುಡಿ; ಭಾರದ ಗುಂಡಿನ ರೈಫಲ್ಲಿಗೆ ಕೊರಡಿನ ಜಾತಿಯದು. ಕೊರಡಿರಬೇಕಾದ ಕಡೆ ಅಷ್ಟೇ ತೂಕದ ಗರಿ ತುಂಬಿದರೆ ಗುಂಡು ಹೊರಡುವ ಮೊದಲೇ ಕೋವಿ ಒಡೆದೀತು. "ಹಾಗಾದರೆ ಪಟ್ಟಿಯಲ್ಲಿ ಪಕ್ಕದಲ್ಲೇ ಇರುವುದನ್ನು ಹಾಕಿದರಾಯಿತು" ಎಂದೆ, ದೊಡ್ಡ ಪಂಡಿತನಂತೆ. ಅವನು ತಲೆಯಾಡಿಸಿದ. ಅದು ಬರಿಯ ರ‍್ಯಾಂಕ್ ಪಟ್ಟಿ. ಯಾರು ಮುಂದೆ, ಯಾರು ಹಿಂದೆ ಎಂದು ಹೇಳುತ್ತದೆ; ಎಷ್ಟು ಮಾರ್ಕಿನಿಂದ ಎಂದು ಹೇಳುವುದಿಲ್ಲ. ಒಬ್ಬರ ಪಟ್ಟಿಗೂ ಇನ್ನೊಬ್ಬರ ಪಟ್ಟಿಗೂ ಹೊಂದುವುದೂ ಇಲ್ಲ.

ಮತ್ತೆ ದಾರಿ? ಹೊಸ ಪುಡಿಗೆ, ಆ ಗುಂಡಿಗೆ, ಆ ತೋಟಾಕ್ಕೆಂದೇ ಅಚ್ಚಾದ ಪುಟ ತೆಗೆಯಬೇಕು. ಅಲ್ಲಿ ಕೊಟ್ಟ ಅತಿ ಕಡಿಮೆ ತೂಕದಿಂದ ಶುರುಮಾಡಬೇಕು. ಕೇಪು ಚಪ್ಪಟೆಯಾಯಿತೇ, ಬೋಲ್ಟು ಬಿಗಿಯಿತೇ ಎಂದು ನೋಡುತ್ತಾ ಒಂದೊಂದೇ ಮೆಟ್ಟಿಲು ಏರಬೇಕು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬ. ಮೂವತ್ತು ವರ್ಷ ಕೋವಿ ಹಿಡಿದವನೂ ಬದಲಿ ಪುಡಿಯ ಮುಂದೆ ಒಂದನೇ ಕ್ಲಾಸು. ಚೀಟಿ ಕಿತ್ತುಹೋದ ಒಂದು ಹಳೆಯ ಡಬ್ಬದ ಪುಡಿಯನ್ನು ಅವನು ಮೂಸಿಯೂ ನೋಡದೆ ಹುಲ್ಲಿನ ಮೇಲೆ ತೆಳ್ಳಗೆ ಎರಚಿದ. "ಸಾರಜನಕ, ಹುಲ್ಲಿಗೆ ಒಳ್ಳೆಯದು" ಎಂದ. ನಮ್ಮ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಕಡಲೆಹಿಟ್ಟು, ಬೋರ್ನ್‌ವಿಟಾ ಡಬ್ಬದಲ್ಲಿ ಇಂಗು. ಆ ನಿಯಮ ಹಿಡಿದರೆ ಅಡುಗೆಮನೆ ಪೂರ್ತಿ ಹುಲ್ಲಿನ ಪಾಲು.

ಜ್ವರ ಬಿಟ್ಟ ಮೇಲೆ ನನ್ನವಳು ಅದೇ ಹುಳಿಪುಡಿಯಲ್ಲಿ ಸಾರಿಟ್ಟಳು. ನಾನು ನಿಂತು ನೋಡಿದೆ. ಅರ್ಧ ಚಮಚ ಹಾಕಿದಳು, ಕುದಿಸಿದಳು, ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಒಂದಿಷ್ಟು ಮೆಣಸು, ಜೀರಿಗೆ ಕುಟ್ಟಿ ಸೇರಿಸಿದಳು, ಮತ್ತೆ ನೆಕ್ಕಿದಳು. "ಮೂರು ಚಮಚ ನನ್ನ ಪುಡಿಗೆ ಕಣ್ರೀ, ಎಲ್ಲ ಪುಡಿಗೂ ಅಲ್ಲ" ಎಂದಳು. ಗ್ಯಾರೇಜಿನಲ್ಲಿ ಒಂದು ವಾರ ಕೇಳಿದ ಪಾಠ ಒಂದೇ ವಾಕ್ಯದಲ್ಲಿ ಮುಗಿದಿತ್ತು.

ಗಡ್ಡದ ಅಜ್ಜನನ್ನೂ ಅಂದು ಊಟಕ್ಕೆ ಕರೆದಿದ್ದೆವು. ಲೋಟದ ಸಾರು ಕುಡಿದು, ಮೂಗೊರೆಸಿಕೊಂಡು, ಇನ್ನೊಂದು ಲೋಟ ಬೇಡಿದ. ಆಮೇಲೆ ಜೇಬಿನಿಂದ ತನ್ನ ಪುಟ್ಟ ಪುಸ್ತಕ ತೆಗೆದು, ಹೊಸ ಪುಟದ ಮೇಲೆ ತಾರೀಖು ಬರೆದು, ನನ್ನವಳನ್ನು ಬಲು ಗೌರವದಿಂದ ಕೇಳಿದ:

"ಎಷ್ಟು ಗ್ರೇನ್ ಪುಡಿ?"

ಅವಳು ನನ್ನ ಮುಖ ನೋಡಿದಳು. "ಕೈ ಅಂದಾಜು ಅಂತ ಹೇಳಿ" ಎಂದಳು. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ಹೊಳೆಯಲಿಲ್ಲ. "ನಲವತ್ತು ವರ್ಷ" ಎಂದೆ. ಅವನು ಅದನ್ನೇ ಬರೆದುಕೊಂಡ.