ಎಲ್ಲ ದಾಖಲೆ ತಂದ್ರಾ?

(ಒಂದು ಸರ್ಕಾರಿ ಕಚೇರಿ. ಗುಮಾಸ್ತರ ಮೇಜಿನೆದುರು ಕಂಪ್ಯೂಟರ್ ರಿಪೇರಿ ಹುಡುಗ.)

ಗುಮಾಸ್ತರು: ವಿಂಡೋಸ್ 11 ಹಾಕೋಕೆ ಹೋದ್ರೆ 'ಈ ಪಿಸಿಗೆ ಅರ್ಹತೆ ಇಲ್ಲ' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೆ ಕಣಪ್ಪಾ!

ಹುಡುಗ: ಟಿಪಿಎಂ 2.0 ಬೇಕು ಸಾರ್. ಗುಟ್ಟಿನ ಕೀಲಿಗಳನ್ನ ಕಾಯೋದು ಅದೇ. ಇಲ್ಲೂ ಇದೆ, ಆದ್ರೆ ಬಯಾಸ್‌ನಲ್ಲಿ ಆಫ್ ಆಗಿದೆ.

ಗುಮಾಸ್ತರು: ಇದ್ದೂ ಇಲ್ಲ ಅಂದ್ರೆ?

ಹುಡುಗ: ನಿಮ್ಮ ಸಾಹೇಬ್ರು ಆಫೀಸಲ್ಲಿ ಇರ್ತಾರಲ್ಲ ಸಾರ್, ಹಾಗೆ. (ಆನ್ ಮಾಡಿ) ಈಗ ಸಿ ಡ್ರೈವ್‌ನಲ್ಲಿ ಜಾಗ ಇಲ್ಲ. ಏನ್ ಸಾರ್ ಇವು? 'ವರದಿ ಅಂತಿಮ', 'ವರದಿ ಅಂತಿಮ ಹೊಸದು', 'ವರದಿ ಅಂತಿಮ ಸಾಹೇಬ್ರು ನೋಡಿದ್ದು'...

ಗುಮಾಸ್ತರು: ಒಂದನ್ನೂ ಮುಟ್ಟಬೇಡ! ಆಡಿಟ್‌ನವರು ಕೇಳ್ತಾರೆ!

ಹುಡುಗ: (ಪೆನ್‌ಡ್ರೈವ್‌ಗೆ ಸಾಗಿಸಿ) ಜಾಗ ಆಯ್ತು. ಆದ್ರೆ ಪ್ರೊಸೆಸರ್ ಇಂಟೆಲ್ ಆರನೇ ಪೀಳಿಗೆಯದು. ವಿಂಡೋಸ್ 11 ಒಪ್ಪೋ ಪ್ರೊಸೆಸರ್ ಪಟ್ಟಿಯಲ್ಲಿ ಹೆಚ್ಚುಕಡಿಮೆ ಎಂಟರಿಂದ ಮೇಲಿನವೇ ಇರೋದು.

ಗುಮಾಸ್ತರು: ಅದನ್ನ ಮೊದಲೇ ಹೇಳೋಕೇನು ಧಾಡಿ?

ಹುಡುಗ: ಒಂದೊಂದೇ ಕೊರತೆ ಹೇಳೋದು ನಿಮ್ಮ ಕೌಂಟರಿನಲ್ಲೇ ಕಲಿತಿದ್ದು ಸಾರ್. ಅಪ್ಪನ ಪಹಣಿ ತಿದ್ದುಪಡಿಗೆ ಅಲೀತಾನೇ ಇದ್ದೀನಿ.

ಗುಮಾಸ್ತರು: (ಕೆಮ್ಮಿ) ಹೋಗ್ಲಿ, ಹಳೇ ವಿಂಡೋಸ್ 10ರಲ್ಲೇ ಇರೋಣ.

ಹುಡುಗ: 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗೀತು. ಈಗ ಅದು ರಿಟೈರ್ಡ್ ನೌಕರ.

ಗುಮಾಸ್ತರು: ಹಾಗಾದ್ರೆ ವಿಸ್ತರಣೆ ಸಿಗಲ್ವಾ?

ಹುಡುಗ: ಸಿಗುತ್ತೆ ಸಾರ್. ಅರ್ಜಿ ಹಾಕಬೇಕು, ಅವಧಿ ಮುಗಿದ ಮೇಲೆ ಅದೂ ಇಲ್ಲ.

ಗುಮಾಸ್ತರು: ಈಗಲೇ ಮಾಡಿಕೊಡು ಮಾರಾಯ!

ಹುಡುಗ: (ಬ್ಯಾಗ್ ಹೆಗಲಿಗೇರಿಸಿ) ಸರ್ವರ್ ಡೌನ್ ಸಾರ್. ಸೋಮವಾರ ಬನ್ನಿ.