ಸಂಬಳ ಕೇಳದ ನೌಕರ

(ಗಂಗಾವತಿ ತಾಲ್ಲೂಕಿನ ಮರಳಿ ಕಡೆ ಬಹುಕಾಲದಿಂದ ಭರ್ತಿಯಾಗದ ‘ಡಿ’ ವೃಂದದ ಹುದ್ದೆಯೊಂದು ಕೊಟ್ಟ ಕಾಲ್ಪನಿಕ ಸಂದರ್ಶನ)

ಪ್ರಶ್ನೆ: ರಾಜ್ಯದ ಏಳನೇ ವೇತನ ಆಯೋಗದಿಂದ ನಿಮಗೇನು ಸಿಕ್ಕಿತು?

ಖಾಲಿ ಹುದ್ದೆ: ಗೌರವ ಹೆಚ್ಚಿತ್ರೀ. 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಅಂದರೆ ನನ್ನನ್ನು ತುಂಬದೆ ಬಿಟ್ಟರೆ ಖಜಾನೆಗೆ ಆಗುವ ಉಳಿತಾಯವೂ ಏರಿತು. ನಾನು ರಜೆ ಹಾಕುವುದಿಲ್ಲ, ಧರಣಿ ಕೂರುವುದಿಲ್ಲ, ಹಳೆ ಪಿಂಚಣಿ ಬೇಕೆನ್ನುವುದಿಲ್ಲ. ಸರ್ಕಾರಕ್ಕೆ ಇಂಥ ನೌಕರ ಇನ್ನೆಲ್ಲಿ ಸಿಗಬೇಕು?

ಪ್ರಶ್ನೆ: ಒಮ್ಮೆಲೇ ಹತ್ತು ಸಾವಿರ ಸಿಕ್ಕರೂ ನೌಕರರ ಗೊಣಗಾಟ ನಿಂತಿಲ್ಲವಲ್ಲ?

ಖಾಲಿ ಹುದ್ದೆ: ಹತ್ತು ಸಾವಿರವನ್ನು ಬಿಡಿಸಿ ನೋಡಿ. 17,000ಕ್ಕೆ ಶೇ 31 ಅಂದರೆ 5,270. ಅದು ಮೊದಲೇ ಬರುತ್ತಿದ್ದ ತುಟ್ಟಿಭತ್ಯೆ, ಮೂಲವೇತನದಲ್ಲಿ ಸೇರಿತು ಅಷ್ಟೆ. ಹೊಸದಾಗಿ ಕೊಟ್ಟದ್ದು ಶೇ 27.5, ಅಂದರೆ 4,675. ಒಟ್ಟು 26,945, ದುಂಡು ಮಾಡಿ 27,000. ಅದರಲ್ಲೂ ಶೇ 17ರ ಮಧ್ಯಂತರ ಪರಿಹಾರ ಬಂದದ್ದು 2023ರ ಮಾರ್ಚ್ 1ರ ಮುಷ್ಕರದ ಒತ್ತಡದಿಂದ. ಇದು ಸಂಬಳದ ಲೆಕ್ಕವಾಯಿತು, ಕೆಲಸದ ಲೆಕ್ಕ ಬೇರೆ ಇದೆ. ನಾನು ಖಾಲಿಯಿದ್ದರೂ ನನ್ನ ಕೆಲಸ ಖಾಲಿಯಾಗುವುದಿಲ್ಲ; ‘ಪ್ರಭಾರ’ ಎಂಬ ಹೆಸರಿನಲ್ಲಿ ಪಕ್ಕದವರ ಹೆಗಲೇರುತ್ತದೆ. ಇಬ್ಬರ ದುಡಿಮೆಗೆ ಒಂದೂಕಾಲು ಸಂಬಳವಾದರೆ ಅದು ಹೆಚ್ಚಳವೋ ಕಡಿತವೋ, ನೀವೇ ಹೇಳಿ. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಧರಣಿ ಕೂತಾಗ ಮುಂದಿಟ್ಟದ್ದು ಮೊಬೈಲ್ ಆ್ಯಪ್‌ಗಳ ಹೊರೆಯನ್ನು. ಹೊರೆಯೂ ವೇತನದ ಪ್ರಶ್ನೆಯೇ.

ಪ್ರಶ್ನೆ: ವೇತನ ಪರಿಷ್ಕರಣೆಯಿಂದಲೇ ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಎಂದಿದೆ ಸರ್ಕಾರ. ರಾಜ್ಯದ ಎರಡೂವರೆ ಲಕ್ಷಕ್ಕೂ ಮೀರಿದ ಖಾಲಿ ಹುದ್ದೆ ತುಂಬಲು ದುಡ್ಡೆಲ್ಲಿದೆ?

ಖಾಲಿ ಹುದ್ದೆ: ನ್ಯಾಯವಾದ ಮಾತು. ನಮ್ಮೆಲ್ಲರನ್ನೂ ಒಂದೇ ವರ್ಷದಲ್ಲಿ ತುಂಬಿ ಎಂದು ನಾನೂ ಹೇಳಲಾರೆ. ಆದರೆ ದುಡ್ಡಿಲ್ಲದಿದ್ದರೆ, ಅಗತ್ಯವೂ ಇಲ್ಲದಿದ್ದರೆ, ಸದನದಲ್ಲಿ ಹೇಳಿ ನನ್ನನ್ನು ರದ್ದು ಮಾಡಲಿ. ಮಾಡುವುದಿಲ್ಲ, ಏಕೆಂದರೆ ಕೆಲಸ ಬೇಕೇ ಬೇಕು. ಅದಕ್ಕೇ ನನ್ನ ಜಾಗಕ್ಕೆ ಹೊರಗುತ್ತಿಗೆಯವರನ್ನು ತರುತ್ತಾರೆ, ಏಜೆನ್ಸಿಗೆ ಸೇವಾ ಶುಲ್ಕ ಕೊಡುತ್ತಾರೆ. ದುಡ್ಡು ಹೋಗುತ್ತಲೇ ಇದೆ; ದುಡಿಯುವವನಿಗೆ ಬಡ್ತಿಯಿಲ್ಲ, ಭದ್ರತೆಯಿಲ್ಲ. ಉಳಿಯಿತು ಎನ್ನುವ ಹಣದಲ್ಲಿ ಒಂದು ಪಾಲು ಹೀಗೆ ಬೇರೆ ಲೆಕ್ಕಶೀರ್ಷಿಕೆಗೆ ಹೋಗಿ ಕೂತಿದೆ.

ಪ್ರಶ್ನೆ: ದುಡ್ಡಿನ ಮಾತು ಬಿಡಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗದೆ ನೇಮಕಾತಿ ಹೇಗೆ ಸಾಧ್ಯವಿತ್ತು?

ಖಾಲಿ ಹುದ್ದೆ: ಆ ತಡೆಗೆ ಕಾರಣವಿತ್ತು, ಒಪ್ಪಿದೆ. ಒಳಮೀಸಲಾತಿಗೆ ಒಪ್ಪಿದ ಸುಪ್ರೀಂ ಕೋರ್ಟಿನ ತೀರ್ಪು 2024ರ ಆಗಸ್ಟ್ 1ರಂದು ಬಂತು. ಅಕ್ಟೋಬರ್ 28ರಂದು ಸಂಪುಟ ಹೊಸ ಅಧಿಸೂಚನೆ ನಿಲ್ಲಿಸಿತು. ಹಂಚಿಕೆ ತೀರ್ಮಾನವಾದದ್ದು 2025ರ ಆಗಸ್ಟ್ 19ಕ್ಕೆ. ಒಂದು ವರ್ಷಕ್ಕೆ ಇದು ಉತ್ತರ. ಅದಕ್ಕೂ ಮೊದಲಿನ ವರ್ಷಗಳಿಗೆ? ನಮ್ಮ ಕಲ್ಯಾಣ ಕರ್ನಾಟಕಕ್ಕಂತೂ ಸಂವಿಧಾನದ 371ಜೆ ವಿಧಿಯ ಬಲವಿದೆ. 2013ರ ಆದೇಶದಂತೆ ಸ್ಥಳೀಯ ವೃಂದದ ‘ಡಿ’ ಹುದ್ದೆಗಳಲ್ಲಿ ಶೇ 85 ಇಲ್ಲಿಯವರಿಗೇ. ಆದರೆ ಭರ್ತಿ ಮಾಡದ ಹುದ್ದೆಯ ಶೇ 85 ಎಂದರೆ ಎಷ್ಟು? ಅಧಿಸೂಚನೆ ಹೊರಬಿದ್ದ ಮೇಲೆ ತಾನೆ ಯಾವ ಮೀಸಲಾತಿಗಾದರೂ ಜೀವ ಬರುವುದು? ಅಲ್ಲಿಯವರೆಗೆ ಕುಷ್ಟಗಿ, ಯಲಬುರ್ಗಾದ ಹುಡುಗರ ವಯೋಮಿತಿ ಕಾಯುತ್ತಾ ಕೂರುವುದಿಲ್ಲ.

ಪ್ರಶ್ನೆ: ಹಾಗಾದರೆ ನೌಕರರು ಹೆಚ್ಚಳ ಕೇಳುವುದು ತಪ್ಪೇ?

ಖಾಲಿ ಹುದ್ದೆ: ತಪ್ಪಲ್ಲ, ಅರ್ಧ ಬೇಡಿಕೆ. ಹೆಚ್ಚಳ ಪಡೆದ ನೌಕರ, ಸರ್ಕಾರಿ ಕೆಲಸಕ್ಕಾಗಿ ಓದುತ್ತಾ ಕೂತ ಹುಡುಗನ ಕಣ್ಣಿಗೆ ದುರಾಸೆಯವನು. ನೌಕರನಿಗೆ ಹುಡುಗನ ನೆನಪೇ ಇಲ್ಲ. ಒಬ್ಬನ ಬೆನ್ನಿನ ಹೊರೆಯೇ ಇನ್ನೊಬ್ಬನ ಕೆಲಸ ಎಂಬುದು ಇಬ್ಬರಿಗೂ ಹೊಳೆಯದಂತೆ ನಾನು ನಡುವೆ ನಿಂತಿದ್ದೇನೆ. ಮುಂದಿನ ವೇತನ ಆದೇಶದ ಜೊತೆ ಇನ್ನೊಂದು ಪುಟ ಇರಲಿ ಎಂದು ನೌಕರರ ಸಂಘವೇ ಹಠ ಹಿಡಿಯಲಿ: ಯಾವ ಹುದ್ದೆ ಯಾವ ತಿಂಗಳೊಳಗೆ ಭರ್ತಿ, ಯಾವುದು ರದ್ದು.

ಪ್ರಶ್ನೆ: ಆ ಪುಟವನ್ನು ಸಿದ್ಧಪಡಿಸುವವರು ಯಾರು?

ಖಾಲಿ ಹುದ್ದೆ: ಸಿಬ್ಬಂದಿ ಶಾಖೆಯ ಗುಮಾಸ್ತರು. ಆ ಹುದ್ದೆಯೂ ಖಾಲಿ, ನಮ್ಮವರೇ.