ಡಬ್ಬಿ ಕಡ್ಡಿ ಆದ ಕಥಿ

(ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್. ದಲಾಲಿ ಮಾಮಾನ ಅಂಗಡಿಗೆ ರಾಣೆಬೆನ್ನೂರಿನಿಂದ ಅಳಿಯ ಬಂದಿದ್ದಾನೆ.)

ಮಾಮಾ: ನೋಡಲೇ, ಇದು ದೀಪಾವಳಿ ಫೋಟೊ, ಇದು ನಿನ್ನೀದು. ಎಷ್ಟ್ ಇಳದೇನಿ!

ಅಳಿಯ: ಆವತ್ತು ಬಿಳೀ ಬನಿಯನ್, ನಿನ್ನೆ ಕರೀ ಅಂಗಿ. ಉಸಿರು ಬ್ಯಾರೆ ಒಳಗ ಎಳಕೊಂಡೀರಿ.

ಮಾಮಾ: ಹುರುಪು ಬರಬೇಕಲ್ಲೋ! ತಕ್ಕಡಿ ಅಂತೂ ಒಂದಿನ ಮ್ಯಾಲೆ, ಒಂದಿನ ಕೆಳಗ.

ಅಳಿಯ: ಅದು ಮೈಯಾಗಿನ ನೀರಿನ ಆಟ. ಅದಕ್ಕ ಫೋಟೊ ಛಲೋ. ಆದ್ರ ಅದ ಜಾಗ, ಅದ ಬೆಳಕು, ಅದ ಅಂಗಿ ಇರಬೇಕ್ರಿ. ಎದುರಿಂದೊಂದು, ಬಾಜೂಲಿಂದೊಂದು.

ಮಾಮಾ: ಬಾಜೂಲಿಂದು ಬ್ಯಾಡ. ಅದು ಮನೀ ಮಾತು.

ಅಳಿಯ: ಟೆಂಡರ್‌ದಾಗ ಚೀಲದ ಮ್ಯಾಲಿನ ಕಾಯಿ ಅಷ್ಟ ನೋಡತೀರೇನು? ತಳಕ್ಕ ಕೈ ಹಾಕಿ, ತೇವ ಐತೇನಂತ ಹಿಚುಕತೀರಿ.

ಮಾಮಾ: ಲೇ, ಮೆಣಸಿನಕಾಯಾಗ ನಾ ದಪ್ಪನ ಡಬ್ಬಿ ತಳಿ. ತೆಳ್ಳನ ಕಡ್ಡಿ ತಳಿ ಆಗು ಅಂದ್ರ ಹ್ಯಾಂಗ? ರೇಟೂ ಡಬ್ಬಿಗೇ ಜಾಸ್ತಿ!

ಅಳಿಯ: ಬ್ಯಾಡಗಿ ಕಾಯಿಗೆ 2011ರಾಗ ಜಿಐ ಟ್ಯಾಗ್ ಬಂತು. ಹೆಸರಾದದ್ದು ಬಣ್ಣಕ್ಕ, ಹೊಟ್ಟಿಗಲ್ಲ.

ಮಾಮಾ: ಐದು ಕಿಲೋ ಇಳಿದ್ರ ಹಾವೇರಿ ಏಲಕ್ಕಿ ಹಾರ ಹಾಕತೀಯೇನು?

ಅಳಿಯ: ಹಾಕತೇನಿ, ಹೊಟ್ಟಿ ಮುಚ್ಚೂವಷ್ಟು ಉದ್ದ ಮಾತ್ರ ಅಲ್ಲ.

(ಮಾಮಾನ ತೂಕ ಇಳಿದಿಲ್ಲ. ವಾಟ್ಸಾಪ್ ಡಿಪಿ ಬದಲಾಗಿದೆ: ಈಗ ಪಕ್ಕದಲ್ಲಿ ಅವರಿಗಿಂತ ದಪ್ಪನ ಬೀಗರು ನಿಂತಿದ್ದಾರೆ.)